ಪರದೆಯ ಉದ್ದ: ಅಳೆಯುವ, ಕೊಳ್ಳುವ, ತಿದ್ದುವ ಬಗೆ

ಬಾಗಿಲಿಗೆಂದು ಅಂಗಡಿಯಲ್ಲಿ ಏಳಡಿಯ ಪರದೆ ಕೊಡುತ್ತಾರೆ, ನಮ್ಮ ಬಾಗಿಲಿನ ಎತ್ತರವೂ ಏಳಡಿಯೇ ಇರುತ್ತದೆ, ಆದರೂ ಮನೆಗೆ ತಂದು ತೂಗುಹಾಕಿದಾಗ ಅದು ನೆಲದಿಂದ ಐದಾರು ಇಂಚು ಮೇಲೆಯೇ ನಿಂತು, ಮಳೆಗಾಲದಲ್ಲಿ ಪಂಚೆ ಎತ್ತಿ ಕಟ್ಟಿದವರಂತೆ ಕಾಣುತ್ತದೆ. ಬಟ್ಟೆ ಕುಗ್ಗಿದೆಯೆಂದೋ ಅಂಗಡಿಯವರು ಅಳತೆಯಲ್ಲಿ ಮೋಸ ಮಾಡಿದರೆಂದೋ ಅನುಮಾನಿಸುವ ಮೊದಲು ಲೆಕ್ಕ ಹಾಕಿ ನೋಡಬೇಕು. ಬಾಗಿಲಿನ ಚೌಕಟ್ಟಿನ ಮೇಲ್ತುದಿ ನೆಲದಿಂದ 84 ಇಂಚು ಎತ್ತರದಲ್ಲಿದೆ. ರಾಡನ್ನು ಅದಕ್ಕಿಂತ 4 ಇಂಚು ಮೇಲೆ ಬಿಗಿದಿದ್ದೇವೆ, ಅಲ್ಲಿಗೆ 88 ಇಂಚಾಯಿತು. ಐಲೆಟ್ ಎಂದು ಕರೆಯುವ ಲೋಹದ ರಿಂಗುಗಳಿರುವ ಪರದೆಯ ಮೇಲಂಚು ರಾಡಿಗಿಂತಲೂ ಒಂದರಿಂದ ಒಂದೂವರೆ ಇಂಚು ಮೇಲೆ ಎದ್ದು ನಿಲ್ಲುತ್ತದೆ, ಅಂದರೆ ಪರದೆ ಶುರುವಾಗುವುದೇ ಸುಮಾರು 89.5 ಇಂಚಿನಲ್ಲಿ. ಅಲ್ಲಿಂದ 84 ಇಂಚು ಕೆಳಗಿಳಿದರೆ ನೆಲಕ್ಕೆ ಇನ್ನೂ ಐದೂವರೆ ಇಂಚು ಉಳಿಯುತ್ತದೆ. ಬಾಗಿಲನ್ನೋ ಕಿಟಕಿಯನ್ನೋ ಅಳೆದು ಪರದೆ ಕೊಂಡವರೆಲ್ಲರಿಗೂ ಆಗುವ ಅನುಭವ ಇದು.

ನನಗೂ ಆಗಿದೆ. ಹೊಸ ಮನೆಗೆ ಬಂದಾಗ ನಾಲ್ಕು ಕಿಟಕಿಗಳ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ದರ್ಜಿಗೆ ಕೊಟ್ಟೆ. ಅದು ಕಿಟಕಿಯ ಅಳತೆಯೋ ಪರದೆಯ ಅಳತೆಯೋ ಎಂದು ನಾನು ಬರೆದಿರಲಿಲ್ಲ, ಅವರು ಕೇಳಲಿಲ್ಲ. ಚೀಟಿಯಲ್ಲಿದ್ದಷ್ಟೇ ಉದ್ದಕ್ಕೆ, ಒಂದು ನೂಲೂ ಹೆಚ್ಚುಕಡಿಮೆಯಿಲ್ಲದೆ, ಬಹಳ ಚೊಕ್ಕಟವಾಗಿ ಹೊಲಿದುಕೊಟ್ಟರು. ನಾಲ್ಕೂ ಗಿಡ್ಡವಾದವು. ಅವುಗಳನ್ನು ಸರಿಪಡಿಸಲು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಮೊದಲು ರಾಡು, ಆಮೇಲೆ ಅಳತೆ

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು: ಮೊದಲು ರಾಡನ್ನು ಗೋಡೆಗೆ ಬಿಗಿಯಬೇಕು, ಬಿಗಿದ ರಾಡಿನಿಂದ ಕೆಳಗೆ ಅಳೆಯಬೇಕು, ಆಮೇಲೆ ಬಟ್ಟೆಯ ಮಾತು. ರಾಡು ಇನ್ನೂ ಬಂದಿಲ್ಲವಾದರೆ ಬ್ರಾಕೆಟ್ಟು ಬರುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡಾದರೂ ಅಳೆಯಬೇಕು.

ಸಾಮಾನ್ಯವಾಗಿ ಚೌಕಟ್ಟಿನಿಂದ 4ರಿಂದ 6 ಇಂಚು ಮೇಲೆ ರಾಡು ಬರುತ್ತದೆ. ನಮ್ಮ ಮನೆಗಳಲ್ಲಿ ಕಿಟಕಿ ಬಾಗಿಲುಗಳ ಮೇಲೆ ಸರಿಯಾಗಿ ಅದೇ ಜಾಗದಲ್ಲಿ ಕಾಂಕ್ರೀಟಿನ ಲಿಂಟಲ್ ಹಾದುಹೋಗಿರುವುದರಿಂದ, ಸಾಧಾರಣ ಡ್ರಿಲ್ಲಿನಿಂದ ಅಲ್ಲಿ ತೂತು ಕೊರೆಯಲು ಹೋದರೆ ಮೇಲಿನ ಗಾರೆ ಉದುರುತ್ತದೆಯೇ ಹೊರತು ಮೊಳೆ ಹಿಡಿಯುವಷ್ಟು ಆಳ ಸಿಗುವುದಿಲ್ಲ. ಹ್ಯಾಮರ್ ಡ್ರಿಲ್ ಇರುವವರನ್ನೇ ಕರೆಯಬೇಕು. ಅದು ಆಗದಿದ್ದರೆ ಲಿಂಟಲನ್ನು ದಾಟಿ, ಚೌಕಟ್ಟಿನಿಂದ ಎಂಟು ಹತ್ತು ಇಂಚು ಮೇಲೆ, ಇಟ್ಟಿಗೆಯಲ್ಲಿ ಬಿಗಿಯಬಹುದು. ಆಗ ಕೋಣೆ ಎತ್ತರವಾಗಿ ಕಾಣುತ್ತದೆ ಎಂಬ ಲಾಭವಿದೆ, ಆದರೆ ಸಿದ್ಧ ಪರದೆಗಳ ಅಳತೆಗಳು ಇನ್ನಷ್ಟು ತಪ್ಪುತ್ತವೆ ಎಂಬುದನ್ನು ಮರೆಯಬಾರದು. ಎರಡು ಪಕ್ಕಕ್ಕೂ ಚೌಕಟ್ಟಿನಿಂದ 6 ಇಂಚಿನಷ್ಟು ರಾಡು ಹೊರಚಾಚಿರಲಿ, ಪರದೆ ಸರಿಸಿದಾಗ ಬಟ್ಟೆಯ ರಾಶಿ ಗೋಡೆಯ ಮೇಲೆ ಕೂರುತ್ತದೆ, ಬೆಳಕಿಗೆ ಅಡ್ಡವಾಗುವುದಿಲ್ಲ. ಕಿಟಕಿಯ ಬಾಗಿಲುಗಳು ಒಳಗೆ ತೆರೆಯುವ ಹಳೆಯ ಮನೆಗಳಲ್ಲಿ ಈ ಚಾಚು ಇನ್ನೂ ಹೆಚ್ಚು ಬೇಕು, ಇಲ್ಲದಿದ್ದರೆ ಪ್ರತಿಸಲ ಕಿಟಕಿ ತೆರೆಯುವಾಗಲೂ ಪರದೆ ಕದಕ್ಕೆ ಸಿಕ್ಕಿಕೊಳ್ಳುತ್ತದೆ.

ರಾಡು ಸಮಮಟ್ಟದಲ್ಲಿದೆಯೇ ಎಂಬುದನ್ನು ಗಾರೆಯವರ ರಸಮಟ್ಟ ಇಟ್ಟು ನೋಡಬೇಕು, ಕಣ್ಣಂದಾಜು ಸಾಲದು. ಆರು ಅಡಿಗಿಂತ ಉದ್ದದ ರಾಡಿಗೆ ನಡುವೆ ಮೂರನೆಯ ಬ್ರಾಕೆಟ್ಟು ಕೊಡದಿದ್ದರೆ ದಪ್ಪ ಬಟ್ಟೆಯ ಭಾರಕ್ಕೆ ಅದು ನಡುವಿನಲ್ಲಿ ಬಾಗುತ್ತದೆ, ಪಕ್ಕದಲ್ಲಿ ಸರಿಯಾಗಿರುವ ಪರದೆ ಮಧ್ಯದಲ್ಲಿ ನೆಲ ಗುಡಿಸಲು ಶುರುಮಾಡುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದಾಗ ಚೌಕಟ್ಟಿನ ಎರಡು ಬದಿಗಳ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡು ಹಾಕಬಹುದು. ಅದರಲ್ಲಿ ತೆಳು ಬಟ್ಟೆ ಮಾತ್ರ ನಿಲ್ಲುತ್ತದೆ, ಮತ್ತು ಉದ್ದವನ್ನು ಚೌಕಟ್ಟಿನ ಒಳಗಿನಿಂದಲೇ ಲೆಕ್ಕ ಹಾಕಬೇಕಾಗುತ್ತದೆ.

ಎಲ್ಲಿಯವರೆಗೆ ಇಳಿಯಬೇಕು

ಪರದೆ ಎಲ್ಲಿ ಕೊನೆಗೊಳ್ಳಬೇಕೆಂಬುದನ್ನು ಕಿಟಕಿಗಿಂತ ಹೆಚ್ಚಾಗಿ ಕಿಟಕಿಯ ಕೆಳಗೆ ಏನಿದೆ ಎಂಬುದೇ ತೀರ್ಮಾನಿಸುತ್ತದೆ. ಓದುವ ಮೇಜು, ಅಡುಗೆಮನೆಯ ಕಟ್ಟೆ, ಗೋಡೆಗೆ ಒತ್ತಿಟ್ಟ ಮಂಚ, ಇವುಗಳ ಮೇಲಿನ ಕಿಟಕಿಗೆ ಪರದೆಯು ಕಿಟಕಿಕಟ್ಟೆಗಿಂತ ಅರ್ಧ ಇಂಚು ಮೇಲೆಯೇ ನಿಲ್ಲುವುದು ಲೇಸು. ಗ್ಯಾಸ್ ಒಲೆಯ ಹತ್ತಿರದ ಕಿಟಕಿಗಂತೂ ತೂಗಾಡುವ ಪರದೆಯೇ ಬೇಡ. ಅಲ್ಲಿ ಮರೆ ಬೇಕೇ ಬೇಕೆಂದಾದರೆ ಗಾಜಿಗೆ ಅಂಟಿಸುವ ಮಬ್ಬು ಹಾಳೆ ಸಾಕು. ಅದೇ ರೀತಿ ದೇವರ ಮನೆಯ ಬಾಗಿಲಿಗೆ ಹಾಕುವ ಪರದೆ ಗಾಳಿಗೆ ಹಾರಿದರೂ ದೀಪದವರೆಗೆ ತಲುಪದಂತೆ ಇರಬೇಕು.

ಕಿಟಕಿಯ ಕೆಳಗೆ ಖಾಲಿ ಗೋಡೆಯಿದ್ದರೆ ಕಟ್ಟೆಯನ್ನು ದಾಟಿ 4ರಿಂದ 8 ಇಂಚು ಕೆಳಗಿಳಿಯುವ ಪರದೆ ಚೆನ್ನಾಗಿ ಕಾಣುತ್ತದೆ, ಬೆಳಕನ್ನೂ ಚೆನ್ನಾಗಿ ತಡೆಯುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಆಷಾಢದ ಗಾಳಿ ಕಂಡವರು ಬಲ್ಲರು. ಕಟ್ಟೆಯವರೆಗೆ ಮಾತ್ರ ಬರುವ ಗಿಡ್ಡ ಪರದೆ ಗಾಳಿಯ ಸೆಳೆತಕ್ಕೆ ಕಿಟಕಿಯ ಸರಳುಗಳ ನಡುವೆ ಹೊರಗೆ ನುಸುಳಿ, ಮಳೆಗೆ ತೊಯ್ದು, ಸರಳಿನ ತುಕ್ಕು ಹತ್ತಿಸಿಕೊಂಡು ಒಳಗೆ ಬರುತ್ತದೆ. ಆರೇಳು ಇಂಚು ಕೆಳಗಿಳಿದ ಪರದೆಯ ಅಂಚು ಕೋಣೆಯ ಒಳಗೋಡೆಗೆ ಒರಗಿ ನಿಲ್ಲುವುದರಿಂದ ಅಷ್ಟು ಸುಲಭವಾಗಿ ಹೊರಗೆ ಹೋಗುವುದಿಲ್ಲ.

ನಿಖರವಾಗಿ ಕಟ್ಟೆಯ ಮೇಲೆ ಕೂರುವ ಉದ್ದವನ್ನು ಮಾತ್ರ ಯಾರಿಗೂ ಹೇಳಲಾರೆ. ಕಟ್ಟೆಯ ಮೇಲಿನ ಧೂಳೆಲ್ಲ ಅಂಚಿಗೆ ಹತ್ತುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಇರಿಚಲು ನೀರು ಕಟ್ಟೆಯ ಮೇಲೆ ನಿಂತು, ಬಟ್ಟೆ ಅದನ್ನು ಬತ್ತಿಯಂತೆ ಮೇಲಕ್ಕೆ ಹೀರಿಕೊಂಡು, ಶ್ರಾವಣ ಬರುವ ಹೊತ್ತಿಗೆ ಅಂಚಿನುದ್ದಕ್ಕೂ ಬೂಷ್ಟಿನ ಕಪ್ಪು ಚುಕ್ಕೆಗಳು ಮೂಡಿರುತ್ತವೆ. ಇಂಥ ಕಲೆ ಒಗೆದರೂ ಪೂರ್ತಿ ಹೋಗುವುದಿಲ್ಲ.

ನೆಲದವರೆಗಿನ ಪರದೆ ಬಾಗಿಲುಗಳಿಗೆ, ಬಾಲ್ಕನಿಯ ಜಾರುಬಾಗಿಲುಗಳಿಗೆ ಮತ್ತು ದೊಡ್ಡ ಹಾಲಿನ ಅಗಲ ಕಿಟಕಿಗಳಿಗೆ ಒಪ್ಪುತ್ತದೆ. ಇಲ್ಲಿ ನೆಲಕ್ಕೂ ಅಂಚಿಗೂ ನಡುವೆ ಅರ್ಧದಿಂದ ಮುಕ್ಕಾಲು ಇಂಚು ಬಿಡುವುದು ವಾಡಿಕೆ. ದಿನವೂ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ಮನೆಗಳಲ್ಲಿ ಪೂರ್ತಿ ಒಂದು ಇಂಚು ಬಿಟ್ಟರೆ ಪರದೆಯೂ ಚೊಕ್ಕಟವಾಗಿರುತ್ತದೆ, ಒರೆಸುವವರ ಬೈಗುಳವೂ ತಪ್ಪುತ್ತದೆ. ವಿದೇಶಿ ಮನೆಗಳ ಚಿತ್ರಗಳಲ್ಲಿ ಪರದೆಯ ತುದಿ ನೆಲದ ಮೇಲೆ ರಾಶಿಯಾಗಿ ಬಿದ್ದಿರುವುದನ್ನು ನೋಡಿ ಆಸೆಪಡುವವರಿದ್ದಾರೆ. ಇರುವೆ, ಹಲ್ಲಿ, ಧೂಳು ಮತ್ತು ನೆಲ ಒರೆಸುವ ನೀರಿರುವ ನಮ್ಮ ಮನೆಗಳಲ್ಲಿ ಅದು ವಾರದೊಳಗೆ ಕೊಳೆಯ ಮುದ್ದೆಯಾಗುತ್ತದೆ. ಇನ್ನು ಕಟ್ಟೆಗೂ ನೆಲಕ್ಕೂ ನಡುವೆ, ಗೋಡೆಯ ಅರ್ಧದಲ್ಲೆಲ್ಲೋ ನಿಲ್ಲುವ ಪರದೆ ಬಟ್ಟೆ ಸಾಲದೆ ನಿಲ್ಲಿಸಿದಂತೆ ಕಾಣುವುದರಿಂದ, ಅಲ್ಲಿ ಸೋಫಾದ ಬೆನ್ನೋ ಮತ್ತೊಂದೋ ಅಡ್ಡವಿದ್ದಾಗ ಮಾತ್ರ ಅದು ಸರಿ.

ಅಳೆಯುವ ವಿಧಾನ

ದರ್ಜಿಯ ಬಟ್ಟೆಯ ಟೇಪು ಹಳತಾದಂತೆ ಹಿಗ್ಗುತ್ತದೆ, ಏಳೆಂಟು ಅಡಿಯ ಅಳತೆಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಾಗುತ್ತದೆ. ಬಡಗಿಗಳ ಸ್ಟೀಲ್ ಟೇಪನ್ನೇ ಬಳಸಬೇಕು. ರಾಡಿನ ಎಡ, ನಡು, ಬಲ, ಈ ಮೂರು ಕಡೆಗಳಿಂದ ನೆಲದವರೆಗೆ ಅಳೆದರೆ ಮೂರೂ ಒಂದೇ ಬರುವುದು ಅಪರೂಪ. ಕೆಂಪು ಗಾರೆಯ ಅಥವಾ ಕಡಪ ಕಲ್ಲಿನ ಹಳೆಯ ನೆಲಗಳಲ್ಲಿ ಮುಕ್ಕಾಲು ಇಂಚಿನ ಓರೆ ಇದ್ದರೂ ನಡೆಯುವಾಗ ತಿಳಿಯುವುದಿಲ್ಲ, ಪರದೆ ಇಳಿಬಿಟ್ಟಾಗ ತಿಳಿಯುತ್ತದೆ. ಮೂರರಲ್ಲಿ ಚಿಕ್ಕದಾದ ಅಳತೆಯನ್ನು ಹಿಡಿಯಬೇಕು.

ರಾಡಿನ ಯಾವ ಜಾಗದಿಂದ ಅಳೆಯಬೇಕೆಂಬುದು ಪರದೆಯ ತಲೆಕಟ್ಟನ್ನು ಅವಲಂಬಿಸಿದೆ. ಐಲೆಟ್ ಪರದೆಗೆ ರಾಡಿನ ಮೇಲ್ಭಾಗದಿಂದ ಅಳೆದು, ಮೇಲೆ ಎದ್ದು ನಿಲ್ಲುವ ಒಂದೂವರೆ ಇಂಚನ್ನು ಕೂಡಿಸಬೇಕು. ಬಟ್ಟೆಯನ್ನೇ ಕೊಳವೆಯಂತೆ ಹೊಲಿದು ರಾಡು ತೂರಿಸುವ ಪರದೆಗೂ ಇದೇ ಲೆಕ್ಕ, ಆದರೆ ಕೊಳವೆಯ ಮೇಲೆ ಝಾಲರಿಯಂತೆ ಬಿಟ್ಟ ಬಟ್ಟೆ ಎಷ್ಟಿದೆಯೋ ಅಷ್ಟನ್ನು ಕೂಡಿಸಬೇಕು. ನೆರಿಗೆ ಹಿಡಿದು ಕೊಕ್ಕೆ ಹಾಕಿ, ರಾಡಿನ ಮೇಲಿನ ಬಳೆಗಳಿಗೆ ತೂಗುಹಾಕುವ ಪರದೆಗಾದರೆ ಬಳೆಯ ಕೆಳಗಿನ ಚಿಕ್ಕ ಕಣ್ಣಿನಿಂದ ಅಳತೆ ಶುರುವಾಗುತ್ತದೆ. ಛಾವಣಿಗೆ ಬಿಗಿದ ಟ್ರ್ಯಾಕಿನಲ್ಲೂ ಹಾಗೆಯೇ, ಓಡಾಡುವ ಗುಂಡಿಯ ಕಣ್ಣಿನಿಂದ ಕೆಳಗೆ ಅಳೆಯಬೇಕು. ಫಾಲ್ಸ್ ಸೀಲಿಂಗ್ ಮಾಡಿಸುವ ಯೋಚನೆಯಿದ್ದರೆ ಅದು ಮುಗಿಯುವವರೆಗೆ ಪರದೆಯ ವಿಷಯಕ್ಕೆ ಕೈಹಾಕದಿರುವುದೇ ಒಳಿತು.

ತೆಳು ಪರದೆ, ದಪ್ಪ ಪರದೆ ಎಂದು ಎರಡು ಪದರ ಹಾಕುವವರು ಒಳಗಿನ ತೆಳು ಪರದೆಯನ್ನು ಅರ್ಧ ಇಂಚು ಗಿಡ್ಡ ಮಾಡಿದರೆ ಅದು ಕೆಳಗೆ ಇಣುಕುವುದಿಲ್ಲ. ಮುಖ್ಯವಾದ ಮಾತೆಂದರೆ, ಚೀಟಿಯಲ್ಲಿ "ಕಿಟಕಿ 48 ಇಂಚು" ಎಂದು ಬರೆಯದೆ "ಹೊಲಿದು ಮುಗಿದ ಮೇಲೆ ಪರದೆಯ ಒಟ್ಟು ಉದ್ದ, ಮೇಲಂಚಿನಿಂದ ಕೆಳಂಚಿಗೆ, 60 ಇಂಚು" ಎಂದು ಬರೆಯಬೇಕು. ನನ್ನ ನಾಲ್ಕು ಪರದೆಗಳು ಕಲಿಸಿದ ಪಾಠ ಇಷ್ಟೇ.

ಸಿದ್ಧ ಪರದೆ ಕೊಳ್ಳುವಾಗ

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉದ್ದಗಳು ಮೂರು: ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಎತ್ತರದ ಬಾಗಿಲಿಗೆ 9 ಅಡಿ. ಅಗಲ ಹೆಚ್ಚುಕಡಿಮೆ 4 ಅಡಿ. ಈ ಉದ್ದಗಳು ಪರದೆಯ ಮೇಲಂಚಿನಿಂದ ಕೆಳಂಚಿನವರೆಗಿನ ಪೂರ್ತಿ ಅಳತೆಗಳು.

ನಾಲ್ಕಡಿ ಎತ್ತರದ ಕಿಟಕಿಗೆ 5 ಅಡಿಯ ಪರದೆ ಹೇಳಿ ಮಾಡಿಸಿದಂತಿರುತ್ತದೆ. 60 ಇಂಚಿನಲ್ಲಿ ರಾಡಿನ ಮೇಲೆ ಒಂದೂವರೆ ಇಂಚು, ರಾಡಿನಿಂದ ಚೌಕಟ್ಟಿಗೆ 5 ಇಂಚು, ಕಿಟಕಿಗೆ 48 ಇಂಚು ಹೋಗಿ, ಕಟ್ಟೆಯ ಕೆಳಗೆ ಐದೂವರೆ ಇಂಚು ಉಳಿಯುತ್ತದೆ. ಆದರೆ ಕಿಟಕಿ ನಾಲ್ಕೂವರೆ ಅಡಿಯದಾದರೆ ಅದೇ ಪರದೆ ಕಟ್ಟೆಗಿಂತ ಅರ್ಧ ಇಂಚು ಮೇಲೆ ನಿಲ್ಲುತ್ತದೆ. ಐದಡಿಯ ಕಿಟಕಿಗೆ ಐದಡಿಯ ಪರದೆ ಕೊಂಡರೆ ಆರೂವರೆ ಇಂಚು ಬೆಳಕಿನ ಪಟ್ಟಿ ಕೆಳಗೆ ಉಳಿಯುತ್ತದೆ. ಅಂಥ ಕಿಟಕಿಗೆ 7 ಅಡಿಯದನ್ನು ಕೊಂಡು ಹನ್ನೊಂದು ಹನ್ನೆರಡು ಇಂಚು ಗಿಡ್ಡ ಮಾಡುವುದೇ ದಾರಿ. ಏಳಡಿಯ ಬಾಗಿಲಿಗೂ ಇದೇ ನ್ಯಾಯ. ಎಂಟು ಅಡಿಯ ಪರದೆ ಸಿಕ್ಕರೆ ಅದನ್ನು, ಇಲ್ಲವಾದರೆ 9 ಅಡಿಯದನ್ನು ತಂದು ಗಿಡ್ಡ ಮಾಡಿಸಬೇಕು. ಬಟ್ಟೆ ಹೆಚ್ಚಿದ್ದರೆ ಕತ್ತರಿಸಬಹುದು, ಸಾಲದಿದ್ದರೆ ತೇಪೆಯೇ ಗತಿ. ಆದ್ದರಿಂದ ಎರಡು ಅಳತೆಗಳ ನಡುವೆ ಸಿಕ್ಕಿಕೊಂಡಾಗ ದೊಡ್ಡದನ್ನೇ ಆರಿಸಬೇಕು. ಛಾವಣಿಯಿಂದಲೇ ಇಳಿಬಿಡುವವರಿಗೆ ಮಾತ್ರ 9 ಅಡಿಯೂ ಸಾಲದೆ ಹೋಗಬಹುದು, ನೆಲದಿಂದ ಛಾವಣಿಗೆ ಒಂಬತ್ತೂವರೆ ಅಡಿ ಇರುವ ಮನೆಗಳು ಹಲವು. ಅಲ್ಲಿ ಹೊಲಿಸಲೇಬೇಕು.

ಹೊಲಿಸುವುದಾದರೆ

ಪರದೆ ಬಟ್ಟೆಯ ಥಾನು ಸಾಮಾನ್ಯವಾಗಿ 48 ಅಥವಾ 54 ಇಂಚು ಅಗಲದಲ್ಲಿ ಬರುತ್ತದೆ, ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ದರ್ಜಿ ಮಾತಾಡುವುದು ಇಂಚಿನಲ್ಲಿ. ಒಂದು ಮೀಟರ್ ಎಂದರೆ 39 ಇಂಚಿಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಾಗದು.

ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಅದೇ ಕಿಟಕಿಯನ್ನು ತೆಗೆದುಕೊಳ್ಳೋಣ, ಕಟ್ಟೆಯಿಂದ 6 ಇಂಚು ಕೆಳಗೆ ಇಳಿಯಲಿ. ಮುಗಿದ ಉದ್ದ 60.5 ಇಂಚಾಗುತ್ತದೆ. ಮೇಲಿನ ಮಡಿಕೆಗೆ ನಾಲ್ಕೂವರೆ, ಕೆಳಗೆ 4 ಇಂಚಿನ ಜೋಡಿ ಮಡಿಕೆಗೆ 8, ಒಟ್ಟು ಕತ್ತರಿಸಬೇಕಾದ ಉದ್ದ 73 ಇಂಚು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯವಾದ್ದರಿಂದ ಮೂರು ಇಂಚು ಸೇರಿಸಿ 76 ಎಂದಿಟ್ಟುಕೊಳ್ಳಬೇಕು. ಪಾಲಿಯೆಸ್ಟರಿಗೆ ಈ ಚಿಂತೆ ಹೆಚ್ಚುಕಡಿಮೆ ಇಲ್ಲ. ಕೈಮಗ್ಗದ ಬಟ್ಟೆ, ಖಾದಿಗಳು ಎಷ್ಟು ಕುಗ್ಗುತ್ತವೆಂದು ಮೊದಲೇ ಹೇಳಲಾಗದು, ಅವನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಹಾಕಿ ಒಣಗಿಸಿ ಇಸ್ತ್ರಿ ಮಾಡಿ ದರ್ಜಿಗೆ ಕೊಡಬೇಕು. 54 ಇಂಚು ಅಗಲದ ಎರಡು ತುಂಡುಗಳು ಐದಡಿಯ ರಾಡಿಗೆ, ಐಲೆಟ್ ಪರದೆಯಾದರೆ, ಸಾಕಾಗುತ್ತವೆ. ಅಂದರೆ ಈ ಕಿಟಕಿಗೆ 4 ಮೀಟರ್ ಬಟ್ಟೆ ಬೇಕು. ಒತ್ತಾದ ನೆರಿಗೆ ಬಯಸುವವರಿಗೆ ಮೂರು ತುಂಡುಗಳು, 6 ಮೀಟರ್.

ದೊಡ್ಡ ಹೂವಿನ ವಿನ್ಯಾಸವಿದ್ದರೆ ಎಲ್ಲ ತುಂಡುಗಳಲ್ಲೂ ಹೂವು ಒಂದೇ ಎತ್ತರದಲ್ಲಿ ಬರಬೇಕಾಗುತ್ತದೆ, ಹಾಗಾಗಿ ಪ್ರತಿ ತುಂಡೂ ವಿನ್ಯಾಸದ ಪೂರ್ಣ ಆವರ್ತನಗಳಲ್ಲಿ ಕತ್ತರಿಸಲ್ಪಡುತ್ತದೆ. 24 ಇಂಚಿಗೊಮ್ಮೆ ಮರುಕಳಿಸುವ ವಿನ್ಯಾಸದಲ್ಲಿ 73 ಇಂಚು ಬೇಕೆಂದರೆ 96 ಇಂಚು ಕೊಳ್ಳಬೇಕು. ಕುಗ್ಗದ ಬಟ್ಟೆಯಾದರೆ ಕೆಳಗಿನ ಮಡಿಕೆಯಲ್ಲಿ ಒಂದೇ ಒಂದು ಇಂಚು ಕಡಿಮೆ ಮಾಡಿ 72ಕ್ಕೆ ಮುಗಿಸಿದರೆ ತುಂಡಿಗೆ ಎರಡು ಅಡಿ ಬಟ್ಟೆ ಉಳಿಯುತ್ತದೆ. ಇಂಥ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ನಮಗಾಗಿ ಹಾಕಿಕೊಡುವುದಿಲ್ಲ.

ಕೆಳಗಿನ ಜೋಡಿ ಮಡಿಕೆಯನ್ನು ಎಂದೂ ಜಿಪುಣತನದಿಂದ ಹಿಡಿಯಬಾರದು. ಅದರ ಭಾರಕ್ಕೇ ಪರದೆ ನೇರವಾಗಿ ಇಳಿಯುತ್ತದೆ. ಬೆಳೆಯುವ ಹುಡುಗಿಯ ಲಂಗಕ್ಕೆ ಹಿಂದೆ ಟಕ್ಕು ಹಿಡಿದು ಹೊಲಿಸಿ, ವರ್ಷಕ್ಕೊಂದರಂತೆ ಬಿಚ್ಚುತ್ತಿದ್ದರಲ್ಲ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರ ಪರದೆಗೂ ಅದೇ ಉಪಾಯ ಬೇಕು. ಮುಂದಿನ ಮನೆಯ ಕಿಟಕಿ ಅರ್ಧ ಅಡಿ ದೊಡ್ಡದಿದ್ದರೆ ಮಡಿಕೆ ಬಿಚ್ಚಿದರಾಯಿತು.

ಉದ್ದ ಹೆಚ್ಚಾದರೆ

ತಂದ ದಿನವೇ ಕತ್ತರಿ ಹಾಕಬಾರದು. ರಾಡಿಗೆ ಹಾಕಿ ಎರಡು ಮೂರು ದಿನ ತೂಗಲು ಬಿಟ್ಟರೆ ಮಡಿಕೆಯ ಗೆರೆಗಳು ಬಿಟ್ಟು, ಸಡಿಲ ನೇಯ್ಗೆಯ ಬಟ್ಟೆಯಾದರೆ ತನ್ನ ಭಾರಕ್ಕೆ ಸ್ವಲ್ಪ ಇಳಿದು, ನಿಜವಾದ ಉದ್ದ ತಿಳಿಯುತ್ತದೆ. ಹತ್ತಿಯದಾದರೆ ಅದಕ್ಕೂ ಮೊದಲು ಒಮ್ಮೆ ಒಗೆದಿರಬೇಕು.

ನೆಲ ಸಮವಾಗಿರುವ ಮನೆಯಲ್ಲಿ ಪರದೆಯನ್ನು ಮೇಜಿನ ಮೇಲೆ ಹಾಸಿ, ಮೇಲಂಚಿನಿಂದ ಕೆಳಗೆ ಬೇಕಾದ ಉದ್ದವನ್ನು ನಾಲ್ಕೈದು ಕಡೆ ಅಳೆದು ಸೀಮೆಸುಣ್ಣದಿಂದ ಗುರುತು ಮಾಡಿದರೆ ಸಾಕು. ಕೆಳಂಚಿನಿಂದ ಮೇಲಕ್ಕೆ ಅಳೆಯುವುದು ತಪ್ಪು, ಏಕೆಂದರೆ ಸಿದ್ಧ ಪರದೆಗಳ ಕೆಳಂಚು ಎಷ್ಟೋ ಸಲ ಓರೆಯಾಗಿಯೇ ಹೊಲಿದಿರುತ್ತದೆ. ನೆಲ ಓರೆಯಿದ್ದರೆ ಪರದೆ ತೂಗುತ್ತಿರುವಾಗಲೇ ಅಂಚನ್ನು ಒಳಮಡಿಸಿ ಗುಂಡುಪಿನ್ನು ಚುಚ್ಚುತ್ತಾ ಹೋಗಬೇಕು. ಒಂದೇ ಕಿಟಕಿಯ ಎರಡು ಪರದೆಗಳಿಗೆ ಆಗ ಕಾಲಿಂಚಿನ ವ್ಯತ್ಯಾಸ ಬಂದರೂ ಕಣ್ಣಿಗೆ ಸಮವಾಗಿಯೇ ಕಾಣುತ್ತವೆ. ಬೆಳಕು ತಡೆಯಲು ಹಿಂಬದಿಗೆ ಲೇಪನವಿರುವ ಬಟ್ಟೆಗೆ ಮಾತ್ರ ಪಿನ್ನು ಚುಚ್ಚಬಾರದು, ತೂತು ಮುಚ್ಚಿಕೊಳ್ಳದೆ ಹಗಲಿನಲ್ಲಿ ನಕ್ಷತ್ರದಂತೆ ಹೊಳೆಯುತ್ತದೆ. ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು.

ಬೇಕಾದ ಉದ್ದದ ಗುರುತಿನಿಂದ ಕೆಳಗೆ ಮಡಿಕೆಗೆ 6ರಿಂದ 8 ಇಂಚು ಬಿಟ್ಟು ಕತ್ತರಿಸಿ, ಎರಡು ಸಲ ಸಮವಾಗಿ ಮಡಿಸಿ, ಇಸ್ತ್ರಿ ಹೊಡೆದು ಹೊಲಿಯಬೇಕು. ಯಂತ್ರದ ಹೊಲಿಗೆಯ ಗೆರೆ ಎದ್ದು ಕಾಣಬಾರದೆನ್ನುವವರು ಕೈಯಲ್ಲಿ ಹೆಮ್ಮಿಂಗ್ ಮಾಡಿಸಬಹುದು. ಹೆಚ್ಚುವರಿ ಇರುವುದು ಎರಡು ಮೂರು ಇಂಚು ಮಾತ್ರವಾದರೆ ಕತ್ತರಿಸುವ ಅಗತ್ಯವೇ ಇಲ್ಲ, ರಾಡನ್ನೇ ಅಷ್ಟು ಮೇಲೆತ್ತಬಹುದು, ಅಥವಾ ಇರುವ ಮಡಿಕೆಯ ಮೇಲೆ ಇನ್ನೊಂದು ಮಡಿಕೆ ಹಾಕಬಹುದು. ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಪಟ್ಟಿಯಿಂದ ಹೊಲಿಗೆಯಿಲ್ಲದೆಯೇ ಅಂಚು ಕಟ್ಟಬಹುದೆನ್ನುತ್ತಾರೆ. ಅದು ತಾತ್ಕಾಲಿಕಕ್ಕೆ ಸರಿ, ನಾಲ್ಕಾರು ಒಗೆತಕ್ಕೆ ಬಿಟ್ಟುಕೊಳ್ಳುತ್ತದೆ, ನೈಲಾನಿನಂಥ ತೆಳು ಬಟ್ಟೆಯಾದರೆ ಇಸ್ತ್ರಿಯ ಬಿಸಿಗೆ ಬಟ್ಟೆಯೇ ಕರಗುತ್ತದೆ. ಐಲೆಟ್ ಪರದೆಯನ್ನು ಮೇಲಿನಿಂದ ಗಿಡ್ಡ ಮಾಡುವ ಯೋಚನೆ ಮಾಡಲೇಬಾರದು, ರಿಂಗುಗಳನ್ನು ಕಿತ್ತು ಮತ್ತೆ ಕೂರಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಕೊಕ್ಕೆಯ ಪರದೆಗಳಲ್ಲಿ ಹಿಂಬದಿಯ ಪಟ್ಟಿಗೆ ಎರಡು ಮೂರು ಸಾಲು ಜೇಬುಗಳಿದ್ದರೆ, ಕೊಕ್ಕೆಯನ್ನು ಮೇಲಿನ ಸಾಲಿಗೆ ಹಾಕಿದಾಗ ಪರದೆ ಒಂದಿಂಚು ಕೆಳಗಿಳಿಯುತ್ತದೆ, ಕೆಳಗಿನ ಸಾಲಿಗೆ ಹಾಕಿದಾಗ ಒಂದಿಂಚು ಮೇಲೇರುತ್ತದೆ. ಹಲವರ ಮನೆಯ ಉದ್ದದ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಉದ್ದ ಸಾಲದಾದರೆ

ಮೊದಲು ಕೆಳಗಿನ ಮಡಿಕೆ ಬಿಚ್ಚಿ ನೋಡಬೇಕು. ಸಿದ್ಧ ಪರದೆಯಲ್ಲಿ ಒಂದೆರಡು ಇಂಚಿಗಿಂತ ಹೆಚ್ಚು ಸಿಗುವುದಿಲ್ಲ. ಆಗ ಬಿಚ್ಚಿದ ಕಚ್ಚಾ ಅಂಚಿಗೆ ಹಿಂಬದಿಯಿಂದ ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಮುಗಿಸಿದರೆ ಇದ್ದ ಬಟ್ಟೆಯೆಲ್ಲ ಉದ್ದಕ್ಕೇ ದಕ್ಕುತ್ತದೆ. ನೆರಿಗೆಯ ಪರದೆಯಾದರೆ ಕ್ಲಿಪ್ಪಿರುವ ಬಳೆಗಳಿಗೆ ಬದಲಾಯಿಸುವುದರಿಂದಲೂ ಒಂದೂವರೆ ಇಂಚಿನಷ್ಟು ಇಳಿಸಬಹುದು.

ಅದಕ್ಕಿಂತ ಹೆಚ್ಚು ಬೇಕಾದಾಗ ಕೆಳಗೆ ಬೇರೆ ಬಣ್ಣದ ಪಟ್ಟಿ ಜೋಡಿಸುವುದೇ ಉತ್ತಮ ಮಾರ್ಗ. ನಾಲ್ಕು ಇಂಚು ಸಾಲದಿದ್ದಾಗ ನಾಲ್ಕೇ ಇಂಚಿನ ಪಟ್ಟಿ ಕೊಟ್ಟರೆ ಅದು ತೇಪೆಯಂತೆ ಕಾಣುತ್ತದೆ. ಪರದೆಯನ್ನು ಇನ್ನಷ್ಟು ಕತ್ತರಿಸಿಯಾದರೂ ಎಂಟು ಹತ್ತು ಇಂಚಿನ ಅಗಲ ಪಟ್ಟಿ ಕೊಟ್ಟರೆ ಬೇಕೆಂದೇ ಮಾಡಿಸಿದ ಅಂಚಿನಂತೆ ಕಾಣುತ್ತದೆ. ಒಂದು ಕೋಣೆಯ ಎಲ್ಲ ಪರದೆಗಳಿಗೂ ಅದೇ ಅಳತೆಯ ಪಟ್ಟಿ ಇರಬೇಕು, ಗಿಡ್ಡವಾದ ಒಂದಕ್ಕೆ ಮಾತ್ರ ಕೊಟ್ಟರೆ ಗುಟ್ಟು ರಟ್ಟಾಗುತ್ತದೆ.

ನನ್ನ ನಾಲ್ಕು ಗಿಡ್ಡ ಪರದೆಗಳಿಗೆ ಮನೆಯಲ್ಲಿದ್ದ ಹಳೆಯ ಹತ್ತಿ ಸೀರೆಯೊಂದರ ಸೆರಗನ್ನು ಉದ್ದುದ್ದ ಕತ್ತರಿಸಿ ಜೋಡಿಸಿದ್ದೆವು. ಸೀರೆ ನೂರಾರು ಸಲ ಒಗೆದದ್ದು, ಪರದೆ ಇನ್ನೂ ನೀರು ಕಾಣದ್ದು. ಮೊದಲ ಒಗೆತದಲ್ಲಿ ಪರದೆಯ ಬಟ್ಟೆ ಅಗಲದಲ್ಲಿ ಕುಗ್ಗಿತು, ಸೆರಗು ಕುಗ್ಗಲಿಲ್ಲ, ಕೆಳಗೆಲ್ಲ ಸುಕ್ಕು ಸುಕ್ಕಾಗಿ ಹಪ್ಪಳದಂತೆ ಎದ್ದು ನಿಂತಿತು. ಹೊಲಿಗೆ ಬಿಚ್ಚಿ, ಸೆರಗಿನ ಪಟ್ಟಿಯನ್ನು ಕುಗ್ಗಿದ ಅಳತೆಗೆ ತಂದು, ಎರಡನೆಯ ಸಲ ಹೊಲಿಸಬೇಕಾಯಿತು. ಜೋಡಿಸುವ ಮೊದಲು ಎರಡು ಬಟ್ಟೆಗಳನ್ನೂ ಒಗೆದಿದ್ದರೆ ಆ ಕೂಲಿ ಉಳಿಯುತ್ತಿತ್ತು.

ಹಲವು ವರ್ಷ ಬಿಸಿಲು ಕಂಡ ಪರದೆಯ ಮಡಿಕೆ ಬಿಚ್ಚಿದಾಗ ಹಳೆಯ ಅಂಚಿದ್ದ ಜಾಗದಲ್ಲಿ ಮಾಸಿದ ಬಣ್ಣ, ಮಾಸದ ಬಣ್ಣಗಳ ನಡುವೆ ಒಂದು ಗೆರೆ ಉಳಿಯುತ್ತದೆ. ಇಸ್ತ್ರಿಗೂ ಅದು ಹೋಗುವುದಿಲ್ಲ. ಆ ಗೆರೆಯ ಮೇಲೆಯೇ ಒಂದು ತೆಳು ಲೇಸನ್ನೋ ಸೀರೆಯ ಅಂಚನ್ನೋ ಇಟ್ಟು ಹೊಲಿದುಬಿಟ್ಟರೆ ಅದು ಮರೆಯಾಗುತ್ತದೆ.